ಹಾಸನದ ಕಂಪನಿಯೊಂದು ಆಫೀಸ್ ಓಡಾಟದ ಕಾರ್ಬನ್ ಇಳಿಸೋದು ಹೇಗೆ?

ಸಿಬ್ಬಂದಿ ವಾರವಾರ ಬೆಂಗಳೂರಿಗೆ ಓಡಾಡುತ್ತಾರೆ, ಮೇಲಿನವರು ಕಾರ್ಬನ್ ಇಳಿಸಿ ಅಂದಿದ್ದಾರೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನೂ ಇಲ್ಲೇ ಒಂದು ಕಾರ್ಖಾನೆಯಲ್ಲಿ ಇದೇ ಕೆಲಸ ನೋಡಿಕೊಳ್ಳುತ್ತೇನೆ. ಟಿಎ ಬಿಲ್‌ನಿಂದ, ಅಂದರೆ ಪ್ರಯಾಣ ಭತ್ಯೆಯ ಬಿಲ್‌ನಿಂದ ಶುರು ಮಾಡಿ. ಗಿಡ ನೆಟ್ಟು ಫೋಟೋ ತೆಗೆಸೋದು ಆಮೇಲೆ ಇದ್ದೇ ಇದೆ.

ಬೆಂಗಳೂರಿಗೆ ಹೋಗಿ ಬಂದರೆ ಸುಮಾರು 370 ಕಿ.ಮೀ. ಲೀಟರಿಗೆ 18 ಕೊಡುವ ಕಾರಾದರೂ 20 ಲೀಟರ್ ಡೀಸೆಲ್ ಬೇಕು. ಒಂದು ಲೀಟರ್ ಉರಿದರೆ ಹತ್ತಿರಹತ್ತಿರ 2.7 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಒಬ್ಬರ ಒಂದು ಮೀಟಿಂಗಿಗೆ 50 ಕೆ.ಜಿ. ದಾಟಿತು! ಏರ್‌ಪೋರ್ಟ್ ಡ್ರಾಪ್ ಆದರಂತೂ ಟ್ಯಾಕ್ಸಿ ಖಾಲಿ ವಾಪಸ್ ಬರುತ್ತದೆ, ಕರೆತರಲು ಮತ್ತೆ ಖಾಲಿ ಹೋಗುತ್ತದೆ.

2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲೆ ನೇರ ರೈಲು ಬಂತು. ಆದರೂ ಜನ ಕಾರೇ ಹಿಡಿಯುತ್ತಾರೆ. ಯಾಕೆ? ಸ್ವಂತ ಕಾರಿಗೆ ಕಿಲೋಮೀಟರ್ ಲೆಕ್ಕದಲ್ಲಿ ಕೊಟ್ಟರೆ ಜೇಬಿನಲ್ಲಿ ನಾಲ್ಕು ಕಾಸು ಉಳಿಯುತ್ತದೆ. ರೈಲಿಗೆ ಹೋದವನಿಗೆ ಟಿಕೆಟ್ ದುಡ್ಡಷ್ಟೇ, ಮೇಲೆ ಯಶವಂತಪುರದಲ್ಲಿ ಹತ್ತಿದ ಆಟೋಗೆ ಬಿಲ್ ಎಲ್ಲಿ ಅಂತ ಅಕೌಂಟ್ಸ್‌ನವರ ಕಿರಿಕಿರಿ. ಇದನ್ನು ತಿರುವುಮುರುವು ಮಾಡಿ. ರೈಲು, ಬಸ್ಸಿನವರಿಗೆ ದಿನಭತ್ಯೆ ಜಾಸ್ತಿ ಕೊಡಿ, ಆಟೋಗೆ ಬಿಲ್ ಕೇಳಬೇಡಿ. ಒಬ್ಬರೇ ಕಾರಲ್ಲಿ ಹೋಗಬೇಕಾದರೆ ಕಾರಣ ಬರೆಸಿಕೊಳ್ಳಿ.

ಇನ್ನೊಂದು, ಮೀಟಿಂಗ್ ಟೈಮು. ಒಂಬತ್ತೂವರೆಗೆ ಇಟ್ಟರೆ ಕಾರು ಬಿಟ್ಟು ಬೇರೆ ದಾರಿಯೇ ಇರಲ್ಲ. ಹನ್ನೊಂದೂವರೆಗೆ ಇಡಿಸಿ. ಬೆಳಗಿನ ಇಂಟರ್‌ಸಿಟಿಯಲ್ಲಿ ಯಶವಂತಪುರ, ಪಕ್ಕದಲ್ಲೇ ಮೆಟ್ರೋ. ಪೀಣ್ಯ ಹತ್ತಿರವೇ. ಎಲೆಕ್ಟ್ರಾನಿಕ್ ಸಿಟಿಗೂ 2025ರಿಂದ ಹಳದಿ ಮಾರ್ಗ ಇದೆ, ಆರ್‌.ವಿ. ರಸ್ತೆಯಲ್ಲಿ ಬದಲಿಸಿದರಾಯಿತು.

ಚಿಕ್ಕಮಗಳೂರಿನಲ್ಲಿ ಬ್ರಾಂಚ್ ಇದ್ದರೆ ಅವರಿಗೆ ಈ ರೈಲು ಅಷ್ಟು ಅನುಕೂಲವಲ್ಲ. ಅವರು ಬಸ್ಸಲ್ಲೇ ಬರಲಿ, ಕೆಎಸ್‌ಆರ್‌ಟಿಸಿಯ ಎಲೆಕ್ಟ್ರಿಕ್ ಬಸ್ಸೂ ಆ ರೂಟಲ್ಲಿ ಓಡುತ್ತದೆ.

ವಿಮಾನ ತಪ್ಪದಿದ್ದರೆ ನೇರ ಫ್ಲೈಟ್, ಇಕಾನಮಿ ಸೀಟು. ಬಿಸಿನೆಸ್ ಕ್ಲಾಸ್ ಸೀಟು ಜಾಗ ಜಾಸ್ತಿ ತಿನ್ನುತ್ತದೆ, ಹೊಗೆಯ ಪಾಲೂ ಅಷ್ಟೇ ಜಾಸ್ತಿ.

ಮೊದಲು ಅಕೌಂಟ್ಸ್‌ನಿಂದ ಮೂರು ತಿಂಗಳ ವೋಚರ್ ತರಿಸಿ. ಯಾರು, ಎಲ್ಲಿಗೆ, ಯಾವ ಗಾಡಿ, ಎಷ್ಟು ಜನ, ಇಷ್ಟು ಬರೆದಿಡಿ. ಹೊಸ ರೂಲು ಮ್ಯಾನೇಜರ್‌ಗಳಿಗೂ ಅನ್ವಯ ಅಂತ ಒಂದು ಸಾಲು ಸೇರಿಸಲೇಬೇಕು. ಜಗಳ ಬರೋದು ಅಲ್ಲೇ, ಎಂಡಿ ಸಹಿ ಮುಂಚೆಯೇ ಹಾಕಿಸಿಕೊಳ್ಳಿ.