ಬೊಂಬೆ ‘ಕ್ಲಿಕ್’ ಅನ್ನದಿದ್ದರೆ ಮೊದಲು ಮೊಣಕೈ ನೋಡಿ

ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಕೊಡುವ ಪ್ರಥಮ ಚಿಕಿತ್ಸೆ) ಕಲಿಯುವ ನಿಮ್ಮ ಸಂಘದ ಹೆಂಗಸರು ಎಷ್ಟು ಒತ್ತಿದರೂ ಅಭ್ಯಾಸದ ಬೊಂಬೆ (ಸಾಕಷ್ಟು ಆಳಕ್ಕೆ ಒತ್ತಿದರೆ ಸದ್ದು ಮಾಡುವಂಥದ್ದು) ‘ಕ್ಲಿಕ್’ ಅನ್ನದಿರಲು, ನಿಮಿಷಕ್ಕೇ ಸುಸ್ತಾಗಲು ಕಾರಣ ಬಹುಶಃ ಮಡಚಿದ ಮೊಣಕೈ. ಶಕ್ತಿ ಸಾಲದು ಅಂತಲ್ಲ. ಬೊಂಬೆ ಬೆಂಚಿನ ಮೇಲಿದ್ದರೆ ಮೊದಲು ನೆಲಕ್ಕಿಳಿಸಿ. ಮಂಡಿ ಅದರ ಪಕ್ಕೆಗೆ ತಾಗುವಷ್ಟು ಹತ್ತಿರ ಕೂರಿಸಿ. ಅಂಗೈ ಬುಡ ಎದೆಮೂಳೆಯ ಕೆಳ ಅರ್ಧದಲ್ಲಿರಲಿ, ಅದರ ಮೇಲೆ ಇನ್ನೊಂದು ಕೈ, ಭುಜ ಸರಿಯಾಗಿ ಕೈಗಳ ನೇರಕ್ಕೆ. ಆಮೇಲೆ ಮೊಣಕೈ ಮಡಚದೆ ಸೊಂಟದಿಂದ ಬಾಗಿ ಮೈಭಾರ ಬಿಡಬೇಕು. ‘ಚಪಾತಿ ಹಿಟ್ಟು ನಾದುವಾಗ ಭಾರ ಹಾಕ್ತೀರಲ್ಲ, ಹಾಗೆ’ ಅಂದರೆ ತಕ್ಷಣ ಹಿಡಿಯುತ್ತಾರೆ, ನಾನು ಕಲಿಸುವಾಗ ಕಂಡಿದ್ದು. ಆಳ 5–6 ಸೆಂ.ಮೀ., ನಿಮಿಷಕ್ಕೆ 100–120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲಿ, ಜನ ಮರೆಯುವುದು ಇದನ್ನೇ. 2 ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಿಸಿ. ಆಗಲೂ ಸದ್ದಿಲ್ಲದಿದ್ದರೆ ಬೊಂಬೆಯ ಸ್ಪ್ರಿಂಗೇ ಕೆಟ್ಟಿರಬಹುದು, ನೀವೇ ಒಮ್ಮೆ ಒತ್ತಿ ನೋಡಿ.