ಅಲಬಾಮಾ ಶಾಸಕರು ಕೋರ್ಟ್ ಆದೇಶ ಮೀರಿದ ಮೇಲೆ ನಕ್ಷೆ ಬರೆದವರು ಯಾರು?

ಮಾತು ಅಮೆರಿಕದ ಅಲಬಾಮಾ ರಾಜ್ಯದ ಸಂಸತ್ ಕ್ಷೇತ್ರಗಳ ಗಡಿ ಗುರುತಿಸುವ ನಕ್ಷೆಯದು. ನಿಮ್ಮ ಪ್ರಶ್ನೆಗೆ ನೇರ ಉತ್ತರ: ಕೋರ್ಟ್ ನೇಮಿಸಿದ ಸ್ಪೆಷಲ್ ಮಾಸ್ಟರ್, ಅಂದರೆ ಕೋರ್ಟ್ ಪರವಾಗಿ ಇಂಥ ಕೆಲಸ ಮಾಡಿಕೊಡುವ ವ್ಯಕ್ತಿ. ಶಾಸಕರಿಗೆ ದಂಡ ಹಾಕುತ್ತಾ ಕೂರುವ ಬದಲು ಕೋರ್ಟ್ ಅವರ ಕೈಯಿಂದ ಪೆನ್ನನ್ನೇ ಕಿತ್ತುಕೊಂಡಿತು.

ರಾಜ್ಯದ ಜನಸಂಖ್ಯೆಯಲ್ಲಿ ಕಪ್ಪುವರ್ಣೀಯರು ಸುಮಾರು ಶೇ. 27. ಆದರೆ ಶಾಸಕರ ಹಳೆಯ ನಕ್ಷೆಯಲ್ಲಿ ಸಂಸತ್ತಿನ 7 ಕ್ಷೇತ್ರಗಳ ಪೈಕಿ ಒಂದರಲ್ಲಿ ಮಾತ್ರ ಅವರು ಬಹುಸಂಖ್ಯಾತರಾಗಿದ್ದರು. ಅಂಥ ಎರಡನೆಯ ಕ್ಷೇತ್ರ ಬೇಕು, ಇಲ್ಲವೇ ಅದಕ್ಕೆ ತೀರಾ ಹತ್ತಿರದ್ದಾದರೂ ಬೇಕು ಎಂದು ಮೂವರು ನ್ಯಾಯಾಧೀಶರ ಫೆಡರಲ್ ಪೀಠ 2022ರ ಜನವರಿಯಲ್ಲೇ ಹೇಳಿತ್ತು. ಸುಪ್ರೀಂ ಕೋರ್ಟ್ ತಡೆ ಕೊಟ್ಟಿದ್ದರಿಂದ ಆ ವರ್ಷದ ಚುನಾವಣೆ ಹಳೆಯ ನಕ್ಷೆಯಲ್ಲೇ ಮುಗಿಯಿತು. (ಇಂಥ ಕೇಸಿನಲ್ಲಿ ಕಾಲ ತಳ್ಳುವುದೇ ಅರ್ಧ ಗೆಲುವು.) 2023ರ ಜೂನ್‌ನಲ್ಲಿ ಅದೇ ಸುಪ್ರೀಂ ಕೋರ್ಟ್ 5-4ರಲ್ಲಿ ಪೀಠದ ತೀರ್ಪನ್ನು ಎತ್ತಿಹಿಡಿಯಿತು.

ಮೀರಿದ್ದು ಆಮೇಲೆ. ಶಾಸಕರು ಜುಲೈನಲ್ಲಿ ಮಾಡಿದ ಹೊಸ ನಕ್ಷೆಯ 2ನೇ ಕ್ಷೇತ್ರದಲ್ಲಿ, ಮತದಾನದ ವಯಸ್ಸಿನವರ ಪೈಕಿ ಕಪ್ಪುವರ್ಣೀಯರು ಸುಮಾರು ಶೇ. 40 ಅಷ್ಟೇ. ಬಿಳಿಯರ ಮತ ಬಹುಪಾಲು ಒಂದೇ ಕಡೆ ಬೀಳುವ ಆ ಭಾಗದಲ್ಲಿ ತಮಗೆ ಬೇಕಾದ ಅಭ್ಯರ್ಥಿಯನ್ನು ಗೆಲ್ಲಿಸಲು ಅವರಿಗೆ ಅಷ್ಟು ಸಾಲದು. ಸೆಪ್ಟೆಂಬರ್‌ನಲ್ಲಿ ಪೀಠ ಅದನ್ನು ತಳ್ಳಿಹಾಕಿತು, ಸುಪ್ರೀಂ ಕೋರ್ಟ್ ಈ ಸಲ ತಡೆ ಕೊಡಲಿಲ್ಲ. ಸ್ಪೆಷಲ್ ಮಾಸ್ಟರ್ ಕೊಟ್ಟವುಗಳಲ್ಲಿ ಅಕ್ಟೋಬರ್‌ನಲ್ಲಿ ಪೀಠ ಆರಿಸಿದ ನಕ್ಷೆಯಲ್ಲಿ ಅದೇ ಅಂಕಿ ಶೇ. 48.7. 2024ರಲ್ಲಿ ಅಲ್ಲಿ ಕಪ್ಪುವರ್ಣೀಯ ಅಭ್ಯರ್ಥಿ ಶೊಮಾರಿ ಫಿಗರ್ಸ್ ಗೆದ್ದರು.