ಬೆಟ್ಟದ ದಾರಿಗೆ ಯಾರು ದಿಕ್ಕು?

ಪ್ರಶ್ನೆ: ಅಮೆರಿಕದ ವರ್ಜೀನಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಪಲಾಚಿಯನ್ ಕಾಲುದಾರಿಯಲ್ಲಿ ಗುದ್ದಲಿ ಹಿಡಿದ ವಯಸ್ಸಾದವರನ್ನು ಕಂಡೆ. ಅವರು ಸರ್ಕಾರದ ಕೆಲಸಗಾರರೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಅಲ್ಲಮ್ಮ, ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಇಲ್ಲೇ ನೆಲೆಸಿರುವ ನಾನೂ ಅವರ ಜೊತೆ ಹೋಗುತ್ತೇನೆ. ಜಾರ್ಜಿಯಾದಿಂದ ಮೇನ್‌ವರೆಗೆ 14 ರಾಜ್ಯ ಹಾಯುವ, ಸುಮಾರು 3,500 ಕಿಲೋಮೀಟರಿನ ಈ ದಾರಿ ಪೂರ್ತಿಯಾದದ್ದು 1937ರಲ್ಲಿ. ಸ್ಥಳೀಯ ಚಾರಣ ಕ್ಲಬ್‌ಗಳು ಅದನ್ನು ಪಾಲು ಹಂಚಿಕೊಂಡು ನೋಡಿಕೊಳ್ಳುತ್ತವೆ.

ದಾರಿಯನ್ನು ಕಾಲಿಗಿಂತ ಹೆಚ್ಚು ಕೆಡಿಸುವುದು ನೀರು. ಇಳಿಜಾರಿನಲ್ಲಿ ಮಳೆನೀರು ದಾರಿಯನ್ನೇ ಹಳ್ಳ ಮಾಡಿಕೊಂಡು ಹರಿಯುತ್ತದೆ. ಅದಕ್ಕೇ ಅಡ್ಡಲಾಗಿ, ಸ್ವಲ್ಪ ಓರೆಯಾಗಿ ಕಲ್ಲೋ ದಿಮ್ಮಿಯೋ ಹೂತು ನೀರನ್ನು ಪಕ್ಕಕ್ಕೆ ತಿರುಗಿಸುತ್ತೇವೆ. ನಿಮ್ಮ ಅಡಿಕೆ ತೋಟದ ಬಸಿಗಾಲುವೆಯ ಹಾಗೆ, ತುಂಬಿದ ಎಲೆ, ಮಣ್ಣು ತೆಗೆಯುತ್ತಲೇ ಇರಬೇಕು. ನನಗೆ ಇದಕ್ಕಿಂತ ಪ್ರಿಯವಾದ ಕೆಲಸವಿಲ್ಲ. ಮುಂದಿನ ಸಲ ನೀವೂ ಬನ್ನಿ, ಗುದ್ದಲಿ ನಾವೇ ಕೊಡುತ್ತೇವೆ.